ಮಾತ್ರೆ ಒಂದೇ, ಮೈ ಬೇರೆ ಬೇರೆ: ಹೃದಯದ ಔಷಧಿಯ ಒಂದು ಚರಿತ್ರೆ

ಮೆಂಡೆಲನ ಬಟಾಣಿ ಗಿಡಗಳ ಪಾಠ ಮುಗಿಸಿ ಸೀಮೆಸುಣ್ಣ ಕೆಳಗಿಡುತ್ತಿದ್ದೆವು. ಹತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ತಳಿ ಕಡೆಯ ಹಳ್ಳಿಯಿಂದ ಬರುವವಳು, ಹೆಚ್ಚು ಮಾತಿನವಳಲ್ಲ.

"ಸಾರ್, ನಮ್ಮ ತಾತನಿಗೂ ಪಕ್ಕದ ಮನೆ ತಾತನಿಗೂ ಹೃದಯಕ್ಕೆ ಸ್ಟೆಂಟ್ ಹಾಕಿದಾರೆ. ಇಬ್ಬರಿಗೂ ಒಂದೇ ಮಾತ್ರೆ. ಪಕ್ಕದ ಮನೆ ತಾತನಿಗೆ ಮತ್ತೆ ಎದೆನೋವು ಬಂತು. ಅದಕ್ಕೆ ನಮ್ಮ ತಾತ, ಈ ಮಾತ್ರೆ ದಂಡ ಅಂತ ಮೂರು ದಿನದಿಂದ ನಿಲ್ಲಿಸಿಬಿಟ್ಟಿದಾರೆ. ಒಂದೇ ಮಾತ್ರೆ ಇಬ್ಬರಿಗೂ ಒಂದೇ ಥರ ಕೆಲಸ ಮಾಡಬೇಕಲ್ವಾ ಸಾರ್?"

ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ಮಾತ್ರೆ ನಿಲ್ಲಿಸಿದರೆ ಆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು, ಜೀವಕ್ಕೇ ಅಪಾಯ. ಆದ್ದರಿಂದ ಪಾಠ ಆಮೇಲೆ, ಮೊದಲು ಅವಳ ತಂದೆಗೆ ಫೋನ್ ಮಾಡಿ, "ತಾತನನ್ನು ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ" ಎಂದು ಹೇಳಿದೆವು. ಆ ಕೆಲಸ ಮುಗಿದ ಮೇಲೆ ಅವಳ ಪ್ರಶ್ನೆ ಉಳಿಯಿತು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಇನ್ನೂರ ನಲವತ್ತು ವರ್ಷಗಳ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಅದರಲ್ಲಿ ನಮ್ಮ ಮದರಾಸೂ ಇದೆ, ಪುದುಚೇರಿಯೂ ಇದೆ, ಬೆಂಗಳೂರೂ ಇದೆ. ಪಠ್ಯಪುಸ್ತಕದಲ್ಲಿ ಇಲ್ಲದ ಆ ಚರಿತ್ರೆಯನ್ನು ನಮ್ಮ ಮಕ್ಕಳಿಗೂ ಪೋಷಕರಿಗೂ ಇಲ್ಲಿ ಹೇಳುತ್ತಿದ್ದೇವೆ.

ಒಂದೇ ಅಳತೆ ಎಲ್ಲರಿಗೂ ಒಗ್ಗದು

ಇಂಗ್ಲೆಂಡಿನಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯನಿದ್ದ. ಮೈಯೆಲ್ಲ ನೀರು ತುಂಬಿ ಊದಿಕೊಳ್ಳುವ ರೋಗಕ್ಕೆ ಒಬ್ಬ ಹಳ್ಳಿಯ ಮುದುಕಿ ಹಲವು ಗಿಡಮೂಲಿಕೆ ಸೇರಿಸಿ ಔಷಧಿ ಕೊಡುತ್ತಿದ್ದಳು. ಅದರಲ್ಲಿ ನಿಜವಾಗಿ ಕೆಲಸ ಮಾಡುವುದು ಫಾಕ್ಸ್‌ಗ್ಲೋವ್ ಎಂಬ ಹೂಗಿಡದ ಎಲೆ ಎಂದು ವಿದರಿಂಗ್ ಕಂಡುಕೊಂಡ. ಸುಮಾರು ಹತ್ತು ವರ್ಷ ರೋಗಿಗಳಿಗೆ ಕೊಟ್ಟು, ಒಬ್ಬೊಬ್ಬರಿಗೆ ಏನಾಯಿತೆಂದು ಬರೆದಿಟ್ಟು, 1785ರಲ್ಲಿ ಪುಸ್ತಕ ಪ್ರಕಟಿಸಿದ. ಹೃದಯ ಸೋತವರಿಗೆ ಇಂದಿಗೂ ಕೆಲವೊಮ್ಮೆ ಕೊಡುವ ಡಿಜಾಕ್ಸಿನ್ ಮಾತ್ರೆ ಇದೇ ಗಿಡದ ಕುಲಕ್ಕೆ ಸೇರಿದ್ದು.

ವಿದರಿಂಗ್ ಕಲಿತ ಮುಖ್ಯ ಪಾಠ ಯಾವುದು ಗೊತ್ತೇ? ಗಿಡದ ಹೆಸರಿಗಿಂತ ಅದರ ಅಳತೆ ಮುಖ್ಯ ಎಂಬುದು. ಒಬ್ಬನಿಗೆ ಗುಣ ಕೊಟ್ಟ ಅಳತೆ ಇನ್ನೊಬ್ಬನಿಗೆ ವಾಂತಿ ತರಿಸುತ್ತಿತ್ತು. ಆದ್ದರಿಂದ ಸ್ವಲ್ಪ ಸ್ವಲ್ಪವೇ ಕೊಡಬೇಕು, ರೋಗಿಯ ನಾಡಿ, ಹೊಟ್ಟೆ, ಮೂತ್ರ ನೋಡುತ್ತಾ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಬೇಕು ಎಂದು ಅವನು ಬರೆದ. ಈ ವ್ಯತ್ಯಾಸ ಯಾಕೆ ಎಂದು ಕೇಳಿದ್ದರೆ ಅವನ ಬಳಿ ಉತ್ತರವಿರಲಿಲ್ಲ. ಮೆಂಡೆಲ್ ಹುಟ್ಟಿದ್ದೇ 1822ರಲ್ಲಿ!

ಉತ್ತರದ ಮೊದಲ ಎಳೆ ಸಿಕ್ಕಿದ್ದು 1902ರಲ್ಲಿ. ಆರ್ಚಿಬಾಲ್ಡ್ ಗ್ಯಾರಡ್ ಎಂಬ ಲಂಡನ್ನಿನ ವೈದ್ಯ, ಮೂತ್ರ ಕಪ್ಪಾಗುವ ಒಂದು ಅಪರೂಪದ ತೊಂದರೆ ಮೆಂಡೆಲನ ನಿಯಮದಂತೆಯೇ ಮನೆತನದಲ್ಲಿ ಇಳಿದುಬರುತ್ತದೆ ಎಂದು ತೋರಿಸಿದ. ಮುಖ ಹೇಗೆ ಒಬ್ಬರದು ಒಬ್ಬರಂತಿಲ್ಲವೋ, ಮೈಯೊಳಗಿನ ರಸಾಯನವೂ ಹಾಗೆಯೇ ಎಂಬುದು ಅವನ ವಿಚಾರ.

ಮದರಾಸಿನ ಕ್ಷಯ ರೋಗಿಗಳು ಹೇಳಿಕೊಟ್ಟ ಪಾಠ

ಇಲ್ಲಿಂದ ಕಥೆ ನಮ್ಮ ರಾಜ್ಯಕ್ಕೆ ಬರುತ್ತದೆ. 1956 ಎಂದ ಕೂಡಲೇ ಗಡಿನಾಡಿನ ನಮಗೆಲ್ಲ ನೆನಪಾಗುವುದು ರಾಜ್ಯಗಳ ಪುನರ್ವಿಂಗಡಣೆ. ನವೆಂಬರ್ 1ರಂದು ಗೆರೆ ಎಳೆದಾಯಿತು. ನಮ್ಮ ಹೊಸೂರು ಮದರಾಸು ರಾಜ್ಯದಲ್ಲಿ, ಸೇಲಂ ಜಿಲ್ಲೆಯ ತಾಲ್ಲೂಕಾಗಿ ಉಳಿಯಿತು. (ಧರ್ಮಪುರಿ ಜಿಲ್ಲೆ ಆದದ್ದು 1965ರಲ್ಲಿ, ಕೃಷ್ಣಗಿರಿ ಜಿಲ್ಲೆ 2004ರಲ್ಲಿ.) ಅದೇ 1956ರಲ್ಲಿ ಮದರಾಸಿನ ಚೆಟ್‌ಪೆಟ್‌ನಲ್ಲಿ ಕ್ಷಯ ರೋಗ ಚಿಕಿತ್ಸೆಯ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಭಾರತ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ, ಈ ನಾಲ್ವರೂ ಸೇರಿ ಕಟ್ಟಿದ್ದು. ಇಂದು ಅದೇ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ.

ಕ್ಷಯ ರೋಗಿಯನ್ನು ದೂರದ ಆರೋಗ್ಯಧಾಮಕ್ಕೆ ಕಳಿಸದೆ, ಬಡವರ ಮನೆಯಲ್ಲೇ ಮಾತ್ರೆ ಕೊಟ್ಟು ಗುಣಪಡಿಸಬಹುದು ಎಂದು 1959ರಲ್ಲಿ ಜಗತ್ತಿಗೆ ತೋರಿಸಿದ್ದು ಈ ಕೇಂದ್ರ. ಆ ಕೀರ್ತಿ ಹಲವರಿಗೆ ಗೊತ್ತು. ಅಲ್ಲಿ ನಡೆದ ಇನ್ನೊಂದು ಕೆಲಸ ಅಷ್ಟಾಗಿ ಗೊತ್ತಿಲ್ಲ. ಐಸೋನಿಯಾಜಿಡ್ ಎಂಬ ಕ್ಷಯದ ಮಾತ್ರೆ 1952ರಿಂದ ಬಳಕೆಯಲ್ಲಿತ್ತು. ಅದೇ ಮಾತ್ರೆ ನುಂಗಿದ ಕೆಲವರ ರಕ್ತದಿಂದ ಔಷಧಿ ಬೇಗ ಖಾಲಿಯಾಗುತ್ತಿತ್ತು, ಕೆಲವರಲ್ಲಿ ಬಹಳ ಹೊತ್ತು ಉಳಿಯುತ್ತಿತ್ತು. ಮದರಾಸಿನ ಸಂಶೋಧಕರು ಇದನ್ನು ಅಳೆದು 1961ರಲ್ಲಿ ಪ್ರಕಟಿಸಿದರು. ದಕ್ಷಿಣ ಭಾರತದ ರೋಗಿಗಳಲ್ಲಿ 100ಕ್ಕೆ ಸುಮಾರು 60 ಮಂದಿ ನಿಧಾನದವರು, ಉಳಿದವರು ವೇಗದವರು. ಜಪಾನಿನಲ್ಲಾದರೋ ನಿಧಾನದವರು 100ಕ್ಕೆ ಸುಮಾರು 10 ಮಾತ್ರ! ಇದು ವಂಶವಾಹಿಯ ಆಟ ಎಂಬುದನ್ನು 1960ರಲ್ಲಿ ಡೇವಿಡ್ ಪ್ರೈಸ್ ಇವಾನ್ಸ್ ಮತ್ತು ಸಂಗಡಿಗರು ಕುಟುಂಬಗಳನ್ನು ಪರೀಕ್ಷಿಸಿ ತೋರಿಸಿದರು. ನಿಧಾನದ ಗುಣ ಬರಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿ ಬೇಕು. ನಮ್ಮ ಕುಳ್ಳ ಬಟಾಣಿಯ ಲೆಕ್ಕವೇ.

ಔಷಧಿ ಮತ್ತು ವಂಶವಾಹಿಯ ಈ ಸಂಬಂಧದ ಬಗ್ಗೆ 1957ರಲ್ಲಿ ಅಮೆರಿಕದ ಆರ್ನೋ ಮಾಟುಲ್ಸ್ಕಿ ಲೇಖನ ಬರೆದರು. 1959ರಲ್ಲಿ ಜರ್ಮನಿಯ ಫ್ರೆಡ್ರಿಕ್ ಫೋಗೆಲ್ ಅದಕ್ಕೆ 'ಫಾರ್ಮಕೋಜೆನೆಟಿಕ್ಸ್' ಎಂದು ಹೆಸರಿಟ್ಟರು. ನಾವು ಇದನ್ನು ಔಷಧ ಅನುವಂಶವಿಜ್ಞಾನ ಎನ್ನಬಹುದು.

ಕ್ಷಯಕ್ಕೂ ಹೃದಯಕ್ಕೂ ಏನು ಸಂಬಂಧ ಎನ್ನುತ್ತೀರಾ? ಐಸೋನಿಯಾಜಿಡನ್ನು ಬದಲಾಯಿಸಿ ಹೊರಹಾಕುವ ಕಿಣ್ವವೇ ರಕ್ತದೊತ್ತಡದ ಹೈಡ್ರಲಜೀನ್ ಮತ್ತು ಹೃದಯದ ತಾಳ ಸರಿಪಡಿಸುವ ಪ್ರೊಕೈನಮೈಡ್ ಔಷಧಿಗಳನ್ನೂ ಬದಲಾಯಿಸುತ್ತದೆ. ನಿಧಾನದ ಗುಂಪಿನವರಲ್ಲಿ ಈ ಔಷಧಿಗಳು ಕೀಲುನೋವು, ಜ್ವರ ತರುವ ಒಂದು ಅಡ್ಡ ಪರಿಣಾಮವನ್ನು ಬೇಗ ಉಂಟುಮಾಡುತ್ತವೆ ಎಂದು 1970ರ ದಶಕದಲ್ಲಿ ಗೊತ್ತಾಯಿತು. ಕ್ಷಯದ ಮಾತ್ರೆಯಲ್ಲಿ ಕಂಡ ನಿಧಾನ-ವೇಗದ ಗುಟ್ಟೇ ಹೃದಯದ ಔಷಧಿಯಲ್ಲೂ ಅಡಗಿತ್ತು ನೋಡಿ.

ತನ್ನ ಮೇಲೇ ಪ್ರಯೋಗ ಮಾಡಿಕೊಂಡ ವಿಜ್ಞಾನಿ

1975ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ರಾಬರ್ಟ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು ಡೆಬ್ರಿಸೋಕ್ವಿನ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ತಾವೇ ನುಂಗಿ ಪರೀಕ್ಷಿಸಿದರು. ಉಳಿದವರೆಲ್ಲ ಆರಾಮಾಗಿದ್ದರು. ಸ್ಮಿತ್ ಅವರಿಗೆ ಮಾತ್ರ ತಲೆಸುತ್ತಿ ಎದ್ದು ನಿಲ್ಲಲಾಗಲಿಲ್ಲ. ರಕ್ತದೊತ್ತಡ 70/50ಕ್ಕೆ ಕುಸಿದಿತ್ತು! ಮೂತ್ರ ಪರೀಕ್ಷಿಸಿದಾಗ ಬೇರೆಯವರ ಮೈಯಲ್ಲಿ ಒಡೆದುಹೋಗಿದ್ದ ಔಷಧಿ ಅವರ ಮೈಯಲ್ಲಿ ಹೆಚ್ಚೂಕಡಿಮೆ ಹಾಗೇ ಇತ್ತು. ಅದನ್ನು ಒಡೆಯುವ ಕಿಣ್ವ ಅವರಲ್ಲಿ ಕೆಲಸ ಮಾಡುತ್ತಿರಲಿಲ್ಲ. 1977ರಲ್ಲಿ ಇದು ಪ್ರಕಟವಾಯಿತು. ಆ ಕಿಣ್ವಕ್ಕೆ ಇಂದಿನ ಹೆಸರು ಸಿ.ವೈ.ಪಿ. 2ಡಿ6. ಡೆಬ್ರಿಸೋಕ್ವಿನ್ ಈಗ ಮೂಲೆಗೆ ಸೇರಿದೆ. ಆದರೆ ನಮ್ಮೂರ ಔಷಧಿ ಅಂಗಡಿಗಳಲ್ಲೂ ಸಿಗುವ ಮೆಟೊಪ್ರೊಲಾಲ್ ಎಂಬ ಹೃದಯದ ಮಾತ್ರೆಯನ್ನು ಒಡೆಯುವುದೂ ಇದೇ ಕಿಣ್ವ.

ದನ ಸತ್ತದ್ದರಿಂದ ಹುಟ್ಟಿದ ಔಷಧಿ

ಇನ್ನೊಂದು ಔಷಧಿಯ ಕಥೆ ನಮ್ಮ ರೈತ ಕುಟುಂಬಗಳಿಗೆ ಇಷ್ಟವಾದೀತು. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಸ್ವೀಟ್ ಕ್ಲೋವರ್ ಎಂಬ ಮೇವು ಬೂಸಲು ಹಿಡಿದಾಗ ಅದನ್ನು ತಿಂದ ದನಗಳು ರಕ್ತಸ್ರಾವವಾಗಿ ಸಾಯುತ್ತಿದ್ದವು. 1933ರ ಚಳಿಗಾಲದಲ್ಲಿ ಒಬ್ಬ ರೈತ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಗಾಡಿಯಲ್ಲಿ ಹೇರಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿ ಕಾರ್ಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರು ವರ್ಷಗಟ್ಟಲೆ ದುಡಿದು ಆ ವಿಷವನ್ನು ಬೇರ್ಪಡಿಸಿದರು. ಅದರ ಬಳಗದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅದನ್ನೇ ಕೊಟ್ಟರು.

ಬಾಲ್ಯದ ಕೀಲುವಾತ ಜ್ವರದಿಂದ ಹೃದಯದ ಕವಾಟ ಕೆಟ್ಟು ಕೃತಕ ಕವಾಟ ಹಾಕಿಸಿಕೊಂಡವರು ನಮ್ಮ ಕಡೆ ಇದ್ದಾರೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಸ್ವದೇಶಿ ಕವಾಟ ತಯಾರಿಸಿ 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿತು. ಲೋಹದ ಬಳೆಯಿರುವ ಇಂಥ ಕವಾಟ ಹಾಕಿಸಿಕೊಂಡವರು ವಾರ್ಫರಿನ್ ಅಥವಾ ಅದರ ಸೋದರನಾದ ಅಸೆನೊಕುಮರಾಲನ್ನು ಜೀವನಪೂರ್ತಿ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಅಳತೆ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಒಬ್ಬರಿಗೆ ಸಾಕಾಗುವುದರ ಎರಡರಷ್ಟು, ಮೂರರಷ್ಟು ಇನ್ನೊಬ್ಬರಿಗೆ ಬೇಕಾಗಬಹುದು. ಯಾಕೆ? ಒಂದು ಕಾರಣ, ಔಷಧಿಯನ್ನು ಒಡೆಯುವ ಸಿ.ವೈ.ಪಿ. 2ಸಿ9 ಕಿಣ್ವದ ವ್ಯತ್ಯಾಸ. ಇನ್ನೊಂದು, ಔಷಧಿ ಹೋಗಿ ಕೂರುವ ಜಾಗವನ್ನೇ ರೂಪಿಸುವ ವಂಶವಾಹಿ. ಇದನ್ನು ಗುರುತಿಸಿದ್ದು 2004ರಲ್ಲಿ. ಇವೆರಡರ ಜೊತೆಗೆ ಊಟವೂ ಸೇರುತ್ತದೆ. ಹಸಿರು ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಔಷಧಿಗೆ ಎದುರು ಕೆಲಸ ಮಾಡುತ್ತದೆ. ಮುದ್ದೆಗೆ ಸೊಪ್ಪಿನ ಸಾರು ಬಿಡಬೇಕೆಂದಿಲ್ಲ, ಆದರೆ ಒಂದು ವಾರ ಬುಟ್ಟಿಗಟ್ಟಲೆ ತಿಂದು ಮರುವಾರ ಮುಟ್ಟದೆ ಇರುವುದು ಒಳ್ಳೆಯದಲ್ಲ. ಎಲ್ಲವನ್ನೂ ಜೀನ್ ತಲೆಗೇ ಕಟ್ಟಬಾರದು ಎಂಬುದಕ್ಕೆ ಇದನ್ನು ಹೇಳಿದೆವು.

ತಾತನ ಮಾತ್ರೆಯ ಗುಟ್ಟು

ಈಗ ಹುಡುಗಿಯ ತಾತನ ಮಾತ್ರೆಗೆ ಬರೋಣ. ಸ್ಟೆಂಟ್ ಹಾಕಿದವರಿಗೆ ಆಸ್ಪಿರಿನ್ ಜೊತೆ ಹೆಚ್ಚಾಗಿ ಕೊಡುವುದು ಕ್ಲೋಪಿಡೋಗ್ರೆಲ್. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. ಇಲ್ಲಿಯವರೆಗೆ ಹೇಳಿದ ಔಷಧಿಗಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಕೃಷ್ಣಗಿರಿಯವರಿಗೆ ಮಾವಿನ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಕ್ಲೋಪಿಡೋಗ್ರೆಲ್ ಮಾತ್ರೆ ಮರದಿಂದ ಕಿತ್ತ ಕಾಯಿ ಇದ್ದ ಹಾಗೆ. ಪಿತ್ತಜನಕಾಂಗದಲ್ಲಿ ಹಣ್ಣಾದ ಮೇಲೆಯೇ ಅದು ಔಷಧಿ. ಹಣ್ಣು ಮಾಡುವ ಮುಖ್ಯ ಕಿಣ್ವ ಸಿ.ವೈ.ಪಿ. 2ಸಿ19. ಸ್ಮಿತ್ ಅವರಲ್ಲಿ ಕಿಣ್ವ ಸೋತಾಗ ಔಷಧಿ ಹೆಚ್ಚಾಯಿತು. ಇಲ್ಲಿ ಕಿಣ್ವ ಸೋತರೆ ಔಷಧಿಯೇ ಕಡಿಮೆಯಾಗುತ್ತದೆ, ಕಾಯಿ ಕಾಯಾಗಿಯೇ ಉಳಿಯುತ್ತದೆ!

ನಮ್ಮ ಜನರಲ್ಲಿ ಈ ಸೋತ ವಂಶವಾಹಿ ಎಷ್ಟಿದೆ? ಇದನ್ನು ಅಳೆದವರಲ್ಲಿ ಪುದುಚೇರಿಯ ಜಿಪ್ಮರ್ ಸಂಸ್ಥೆಯ ಸಂಶೋಧಕರು ಮೊದಲಿಗರ ಸಾಲಿನವರು. ತಮಿಳುನಾಡು, ಕರ್ನಾಟಕ, ಆಂಧ್ರ, ಕೇರಳಗಳ ಆರೋಗ್ಯವಂತರ ರಕ್ತ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅವರ ಲೆಕ್ಕದಂತೆ, ಈ ವಂಶವಾಹಿಯ 100 ಪ್ರತಿಗಳಲ್ಲಿ ಸುಮಾರು 35 ಕೆಲಸ ಮಾಡದ ರೂಪದವು. ಯೂರೋಪಿನವರಲ್ಲಿ ಇದು 100ಕ್ಕೆ ಸುಮಾರು 15.

ಇಲ್ಲಿ ಗಣಿತದ ಮೇಷ್ಟ್ರನ್ನು ಕರೆಯೋಣ. (ಎ+ಬಿ)² ಸೂತ್ರ ಎಲ್ಲರಿಗೂ ಬಾಯಿಪಾಠ. ಎ 0.65, ಬಿ 0.35 ಎಂದಿಟ್ಟುಕೊಳ್ಳಿ. ಎ² ಸುಮಾರು 0.42, 2ಎಬಿ ಸುಮಾರು 0.46, ಬಿ² ಸುಮಾರು 0.12. ಅಂದರೆ 100 ಜನರಲ್ಲಿ 42 ಮಂದಿಗೆ ಎರಡೂ ಪ್ರತಿ ಚೆನ್ನಾಗಿವೆ, 46 ಮಂದಿಗೆ ಒಂದು ಸೋತಿದೆ, 12 ಮಂದಿಗೆ ಎರಡೂ ಸೋತಿವೆ. ಯೂರೋಪಿನ ಲೆಕ್ಕ ಹಾಕಿದರೆ ಎರಡೂ ಸೋತವರು ಸುಮಾರು 2 ಮಾತ್ರ. ಹನ್ನೆರಡೆಲ್ಲಿ, ಎರಡೆಲ್ಲಿ!

2009ರಲ್ಲಿ ಪ್ರಕಟವಾದ ಅಧ್ಯಯನಗಳು, ಇಂಥ ಪ್ರತಿ ಇರುವವರು ಕ್ಲೋಪಿಡೋಗ್ರೆಲ್ ನುಂಗಿದರೂ ಸ್ಟೆಂಟ್ ಒಳಗೆ ಹೆಪ್ಪುಗಟ್ಟುವ ಸಂಭವ ಹೆಚ್ಚು ಎಂದು ತೋರಿಸಿದವು. 2010ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಎರಡೂ ಪ್ರತಿ ಸೋತವರ ಬಗ್ಗೆ ಔಷಧಿಯ ಮಾಹಿತಿ ಪತ್ರದಲ್ಲಿ ಚೌಕಟ್ಟು ಹಾಕಿ ಎಚ್ಚರಿಕೆ ಅಚ್ಚು ಮಾಡಿಸಿತು. ಅಂಥವರಿಗೆ ಪ್ರಸುಗ್ರೆಲ್, ಟಿಕಾಗ್ರೆಲಾರ್ ಎಂಬ ಬೇರೆ ಮಾತ್ರೆಗಳಿವೆ. ಆದರೆ ಅವುಗಳಿಂದ ರಕ್ತಸ್ರಾವದ ಭಯ ಹೆಚ್ಚು. ಯಾರಿಗೆ ಯಾವುದು ಎಂದು ತೂಗಿ ನೋಡಬೇಕಾದವರು ವೈದ್ಯರೇ.

ಹಾಗಾದರೆ ಎಲ್ಲರಿಗೂ ಜೀನ್ ಪರೀಕ್ಷೆ ಮಾಡಿಸಿಬಿಟ್ಟರೆ ಆಯಿತಲ್ಲ ಎನ್ನಬಹುದು. ಚರಿತ್ರೆ ಅಷ್ಟು ಸಲೀಸಲ್ಲ. ಪರೀಕ್ಷೆ ನೋಡಿ ಮಾತ್ರೆ ಆರಿಸುವುದನ್ನು 5302 ರೋಗಿಗಳಲ್ಲಿ ಪರೀಕ್ಷಿಸಿದ ಒಂದು ದೊಡ್ಡ ಪ್ರಯೋಗ 2020ರಲ್ಲಿ ಮುಗಿದಾಗ, ಲಾಭ ಕಂಡರೂ ಅದು ಮೊದಲೇ ಹಾಕಿಕೊಂಡ ಗುರಿಯನ್ನು ಮುಟ್ಟಲಿಲ್ಲ. ವಾರ್ಫರಿನ್ ವಿಷಯದಲ್ಲಿ 2013ರಲ್ಲಿ ಎರಡು ಪ್ರಯೋಗಗಳು ಬಂದವು. ಯೂರೋಪಿನದು ಲಾಭವಿದೆ ಎಂದಿತು, ಅಮೆರಿಕದ್ದು ಇಲ್ಲ ಎಂದಿತು. ಅಮೆರಿಕದ ಪ್ರಯೋಗದಲ್ಲಿ ಕಪ್ಪು ಜನರಿಗೆ ಜೀನ್ ಲೆಕ್ಕದ ಅಳತೆಯೇ ಕೆಟ್ಟದಾಗಿ ಹೊಂದಿತು. ಆಫ್ರಿಕಾ ಮೂಲದವರಲ್ಲಿ ಹೆಚ್ಚಾಗಿರುವ ಕೆಲವು ರೂಪಗಳು ಆ ಲೆಕ್ಕದಲ್ಲಿ ಸೇರಿಯೇ ಇರಲಿಲ್ಲ. ಯಾರನ್ನು ಎಣಿಸಿಲ್ಲವೋ ಅವರಿಗೆ ಆ ಲೆಕ್ಕ ಹೊಂದುವುದಿಲ್ಲ. ಗಡಿನಾಡಿನ ಶಾಲೆಯವರಾದ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ನಮ್ಮನ್ನು ಎಣಿಸುವ ಕೆಲಸ

ಎಣಿಸುವ ಕೆಲಸ ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಹಲವು ಸಂಸ್ಥೆಗಳು ಸೇರಿ, ದೇಶದ 80ಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಜನರ ವಂಶವಾಹಿಗಳನ್ನು ಪೂರ್ತಿಯಾಗಿ ಓದಿ, 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ಬಿಡುಗಡೆ ಮಾಡಿದವು. ಜೀನೋಮ್ ಇಂಡಿಯಾ ಎಂದು ಅದರ ಹೆಸರು. ಹೊಸೂರಿನಿಂದ ಗಂಟೆ ಎರಡು ಗಂಟೆಯ ದಾರಿಯಲ್ಲಿ ಇಷ್ಟು ದೊಡ್ಡ ಕೆಲಸ ನಡೆದಿದೆ ಎಂದು ನಮ್ಮ ಮಕ್ಕಳಿಗೆ ತಿಳಿದಿರಲಿ.

ಇನ್ನು ಮಾತ್ರೆ ಮನೆಗೇ ಬರುವ ಕಥೆ. 2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯನ್ನು ಉದ್ಘಾಟಿಸಿದ್ದು ಎಲ್ಲಿ ಗೊತ್ತೇ? ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ! ಹೆಸರು ಕೇಳಿ ನಮ್ಮ ಚಿಕ್ಕ ತರಗತಿಯವರು, ಮಕ್ಕಳಿಗೆ ಔಷಧಿ ಕೊಡುತ್ತಾರಾ ಎಂದು ಕೇಳಿದ್ದರು. ತಮಿಳಿನ 'ಮಕ್ಕಳ್' ಎಂದರೆ ಜನ. ಜನರನ್ನು ಹುಡುಕಿಕೊಂಡು ಬರುವ ಚಿಕಿತ್ಸೆ ಎಂದು ಅರ್ಥ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ ಮನೆ ಬಾಗಿಲಿಗೆ ಬರುತ್ತದೆ. 1959ರಲ್ಲಿ ಮದರಾಸಿನ ಕ್ಷಯ ಕೇಂದ್ರ ಹಿಡಿದ ದಾರಿಯೇ ಇದು ಎಂದು ನಮಗೆ ಅನ್ನಿಸುತ್ತದೆ. ಆದರೆ ಮಾತ್ರೆ ಮನೆಗೆ ಬಂದರೆ ಅರ್ಧ ಕೆಲಸವಾಯಿತು ಅಷ್ಟೇ. ಅದು ಈ ಮೈಗೆ ಹೇಗೆ ಒಗ್ಗಿತು ಎಂದು ನೋಡುವುದು ಇನ್ನರ್ಧ. ಅದನ್ನು ವೈದ್ಯರಿಗೆ ಹೇಳಬೇಕಾದವರು ನಾವೇ.

ತಾತನ ಸುದ್ದಿ

ಹುಡುಗಿಯ ತಾತ ಅಂದು ಸಂಜೆಯೇ ಆಸ್ಪತ್ರೆಗೆ ಹೋದರು. ಡಾಕ್ಟರು ಗದರಿಸಿ, ಪರೀಕ್ಷಿಸಿ, ಮಾತ್ರೆ ಮತ್ತೆ ಶುರು ಮಾಡಿಸಿದರಂತೆ. ಪಕ್ಕದ ಮನೆ ತಾತನಿಗೆ ಮತ್ತೆ ನೋವು ಬರಲು ಜೀನ್ ಕಾರಣವೋ, ಬೀಡಿ ಕಾರಣವೋ, ಮಾತ್ರೆ ಮರೆತದ್ದೋ, ಹೊರಗಿನಿಂದ ನಾವು ಹೇಳಲಾಗದು. ಹೇಳಲೂಬಾರದು. ಅವರ ಮೈಯ ಲೆಕ್ಕ ಅವರದು, ಇವರದು ಇವರದು. ಹುಡುಗಿಯ ಪ್ರಶ್ನೆಗೆ ಉತ್ತರವೂ ಅದೇ.

ಮರುದಿನ ತರಗತಿಗೆ ಒಂದು ಮನೆಗೆಲಸ ಕೊಟ್ಟೆವು. ಮನೆಯ ಹಿರಿಯರು ನುಂಗುವ ಮಾತ್ರೆಗಳ ಹೆಸರು, ಎಷ್ಟು, ಯಾವ ಹೊತ್ತಿಗೆ, ಯಾತಕ್ಕೆ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯಬೇಕು. ನುಂಗಿದ ಮೇಲೆ ತಲೆಸುತ್ತು, ಮೈಮೇಲೆ ಗಂದೆ, ವಸಡಿನಲ್ಲಿ ರಕ್ತ ಏನಾದರೂ ಕಂಡಿದ್ದರೆ ಅದನ್ನೂ, ಮನೆತನದಲ್ಲಿ ಯಾರಿಗಾದರೂ ಯಾವುದಾದರೂ ಔಷಧಿ ಒಗ್ಗದೆ ಹೋಗಿದ್ದರೆ ಅದನ್ನೂ ಬರೆಯಬೇಕು. ಮಾತ್ರೆಯ ಪಟ್ಟಿಯ ಮೇಲೆ ಇಂಗ್ಲಿಷ್ ಇರುತ್ತದೆ, ಆಸ್ಪತ್ರೆಯ ಚೀಟಿಯಲ್ಲಿ ತಮಿಳು ಇರುತ್ತದೆ, ನುಂಗುವ ಅಜ್ಜಿಗೆ ಬರುವುದು ಕನ್ನಡ. ನಡುವೆ ಇರುವುದು ನಮ್ಮ ಮಕ್ಕಳು. ಹೆಸರು ತಪ್ಪಿಲ್ಲದಂತೆ ಚೀಟಿ ನೋಡಿ ಬರೆದು, ಹಾಳೆಯನ್ನು ಡಾಕ್ಟರಿಗೂ ತೋರಿಸಿ ಎಂದು ಹೇಳಿದ್ದೇವೆ.

ಇಪ್ಪತ್ತೆಂಟು ಮಕ್ಕಳಲ್ಲಿ ಇಪ್ಪತ್ತಮೂರು ಮಂದಿ ಬರೆದು ತಂದರು. ಆ ಹುಡುಗಿ ಎರಡು ಹಾಳೆ ತಂದಿದ್ದಳು.

"ಒಂದು ನಮ್ಮ ತಾತಂದು, ಇನ್ನೊಂದು ಪಕ್ಕದ ಮನೆ ತಾತಂದು ಸಾರ್" ಎಂದಳು.